ಬಾನ್ ಅಂದರೆ ಮನೆ, ಬಾನ್ ಅಂದರೆ ಊರು

ಹೋದ ವರ್ಷ ಕೆಲಸದ ಮೇಲೆ ಥಾಯ್ಲೆಂಡಿನ ಖೋನ್ ಕೇನ್‌ಗೆ ಹೋಗಿದ್ದೆ. ಒಂದು ಭಾನುವಾರ ಆಫೀಸಿನ ಹುಡುಗಿಯೊಬ್ಬಳು ತನ್ನ ಹಳ್ಳಿಗೆ ಕರೆದುಕೊಂಡು ಹೋದಳು. ಗದ್ದೆಗಳ ನಡುವೆ ಟೈಲ್ಸ್ ಹಾಕಿದ ದೊಡ್ಡ ಮನೆ. ಅಜ್ಜಿ ಚಾಪೆ ಮೇಲೆ ಕೂತು, ಬಿದಿರಿನ ಪುಟ್ಟ ಬುಟ್ಟಿಯಿಂದ ಅಂಟು ಅನ್ನ ತೆಗೆದು, ಬೆರಳಲ್ಲೇ ಉಂಡೆ ಮಾಡಿ ಮೊಮ್ಮಗನ ಬಾಯಿಗೆ ಇಡುತ್ತಿದ್ದರು. ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಬ್ಯಾಂಕಾಕಿನಿಂದ ಅವನ ಅಮ್ಮ ನೋಡುತ್ತಿದ್ದಳು. ಮಗು ಒಂದೊಂದು ತುತ್ತು ನುಂಗಿದಾಗಲೂ ಅವಳ ಬಾಯಿಯೂ ಅಲ್ಲಾಡುತ್ತಿತ್ತು.

ಕಾರ್ಕಳದ ಹತ್ತಿರ ನಮ್ಮ ಮನೆಗೂ ಟೈಲ್ಸ್ ಇದೆ. ಬಾಗಿಲಿಗೆ ಬೀಗ ಇದೆ.

ಆ ಸೀಮೆಗೆ ಈಸಾನ್ ಅಂತಾರೆ. ನಮ್ಮ ಈಶಾನ್ಯ ಅನ್ನೋ ಪದವೇ ಅದು. ಮರಳು ಮಣ್ಣು, ಮಳೆ ನಂಬಿದ ಬೇಸಾಯ, ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಬೆಳೆ. 1958ರಲ್ಲಿ ಅಮೆರಿಕದ ನೆರವಿನಿಂದ ಬ್ಯಾಂಕಾಕ್ ಕಡೆಗೆ ಒಳ್ಳೆಯ ಹೆದ್ದಾರಿ ಬಂತು. ಹೆಸರು ಮಿತ್ರಫಾಪ್, ಅಂದರೆ ಮಿತ್ರಭಾವ. ಅವರ ಅಜ್ಜಂದಿರ ಕಾಲದಲ್ಲಿ ಕೊಯ್ಲು ಮುಗಿಸಿ ಬ್ಯಾಂಕಾಕಿಗೆ ಹೋಗಿ ಸೈಕಲ್ ರಿಕ್ಷಾ ತುಳಿದು, ಮಳೆ ಬೀಳುವ ಹೊತ್ತಿಗೆ ನಾಟಿಗೆ ವಾಪಸು ಬರುತ್ತಿದ್ದವರು ಬಹಳ. ಮಕ್ಕಳು ಕಾರ್ಖಾನೆ, ಟ್ಯಾಕ್ಸಿ, ಸೌದಿ ಅಂತ ಹೋದರು. ಈಗಿನವರು ಕೊರಿಯಾ, ತೈವಾನ್, ಇಸ್ರೇಲಿನ ತೋಟಗಳವರೆಗೂ ಹೋಗುತ್ತಾರೆ.

ನಮ್ಮದೂ ಅದೇ ಕತೆ ಅಲ್ವಾ? ಅಜ್ಜ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದು, ಹಗಲು ಅಲ್ಲಿನ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಅವರ ಮನಿ ಆರ್ಡರಿನಿಂದ ಊರಿನ ಮನೆಗೆ ಹೆಂಚು ಬಂತು, ಅಪ್ಪನ ಸಂಬಳದಿಂದ ಟೈಲ್ಸ್. ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದೆ. ಬೇರೆಯಾದದ್ದು ಒಂದೇ: ಈಸಾನಿನವರು ಮಕ್ಕಳನ್ನು ಊರಲ್ಲಿ ಬಿಟ್ಟು ಹೋದರು, ನಾವು ಮಕ್ಕಳನ್ನೂ ಕರೆದುಕೊಂಡು ಬಂದೆವು. ಅಪ್ಪ ಅಮ್ಮನನ್ನು ಮೊಬೈಲಿನಲ್ಲಿ ನೋಡಿ ಬೆಳೆಯುವುದು ಒಳ್ಳೆಯದು ಅಂತ ನಾನು ಯಾವತ್ತೂ ಹೇಳಲಾರೆ. ಆ ತಾಯಿಯ ಮುಖ ಇನ್ನೂ ಕಣ್ಣ ಮುಂದಿದೆ. ಆದರೆ ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಗದ್ದೆಯಲ್ಲಿ ಪೈರಿತ್ತು.

ಕಷ್ಟ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. 1997ರ ಜುಲೈಯಲ್ಲಿ ಥಾಯ್ಲೆಂಡಿನ ಹಣ ಬಾತ್‌ನ ಬೆಲೆ ಕುಸಿದು, ಬ್ಯಾಂಕಾಕಿನಲ್ಲಿ ಅರ್ಧ ಕಟ್ಟಿದ ಕಟ್ಟಡಗಳು ಹಾಗೇ ನಿಂತವು. ಕೆಲಸ ಕಳೆದುಕೊಂಡ ಎಷ್ಟೋ ಜನ ಈಸಾನಿಗೆ ಮರಳಿದರು. ಆ ಹುಡುಗಿಯ ಅಪ್ಪನೂ ಬಂದರಂತೆ. ಎರಡು ವರ್ಷ ಮನೆಯ ಕಣಜದ ಅಕ್ಕಿಯೇ ಅವರನ್ನು ಸಾಕಿತು.

2020ರ ಮೇಯಲ್ಲಿ ನಾವೂ ಮುಂಬೈಯಿಂದ ಊರಿಗೆ ಹೋದೆವು. ಮೊದಲು ಶಾಲೆಯೊಂದರಲ್ಲಿ ಕ್ವಾರಂಟೈನ್. ಮುಂಬೈಯವರು ಬಂದರು ಅಂತ ಜನ ಹೆದರಿ ದೂರ ನಿಂತರು. ಅವರ ತಪ್ಪಲ್ಲ, ನಮ್ಮ ಮುಖ ಎಷ್ಟು ಜನಕ್ಕೆ ಗೊತ್ತಿತ್ತು? ಮನೆಯ ಬೀಗ ತುಕ್ಕು ಹಿಡಿದಿತ್ತು. ಗದ್ದೆಯಲ್ಲಿ ಸೊಂಟದೆತ್ತರ ಕಳೆ. ಸ್ವಂತ ಮನೆಯಲ್ಲಿ ಕೂತು ಅಂಗಡಿ ಅಕ್ಕಿ ತಂದು ಉಂಡೆವು. ಅಪ್ಪ ಅಂಗಳದಲ್ಲಿ ಸುಮ್ನೆ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಥಾಯ್ ಭಾಷೆಯಲ್ಲಿ ಮನೆಗೂ ಹಳ್ಳಿಗೂ ಒಂದೇ ಮಾತು, ಬಾನ್. ಹೊರಡುವಾಗ ಅಜ್ಜಿ ಕೇಳಿದರು, ನಿನ್ನ ಬಾನ್‌ನಲ್ಲಿ ಯಾರಿದ್ದಾರೆ ಅಂತ. ನನಗೆ ಉತ್ತರ ಹೊಳೆಯಲಿಲ್ಲ.

ಮೊನ್ನೆ ಬೀಗದ ಕೈ ಇಟ್ಟುಕೊಂಡಿರುವ ಪಕ್ಕದ ಮನೆಯ ಅಕ್ಕನಿಗೆ ಫೋನ್ ಮಾಡಿದೆ. ಬಾವಿ ಹತ್ತಿರದ ಸಣ್ಣ ಗದ್ದೆಯನ್ನಾದರೂ ಈ ಮಳೆಗೆ ಉಳಿಸೋಣ ಅಂದೆ. ಬೀಜಕ್ಕೂ ಟ್ರ್ಯಾಕ್ಟರಿಗೂ ದುಡ್ಡು ಕಳಿಸಿದ್ದೇನೆ. ನೇಜಿ ನೆಡುವ ವಾರಕ್ಕೆ ಮತ್ಸ್ಯಗಂಧ ರೈಲಿನಲ್ಲಿ ಮೂರು ಟಿಕೆಟ್ ಆಗಿದೆ. ಅಪ್ಪನಿಗೆ, ನನಗೆ, ಮಗಳಿಗೆ.