ಕಾಪ್ಪಿಲ್ ಕಡಲತಡಿಯಲ್ಲಿ ಟೆಂಟ್ ಹಾಕುವ ಮೊದಲು

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ಉದುಮದ ಹತ್ತಿರ ಕಾಪ್ಪಿಲ್ ಕಡಲತಡಿಯಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಉಳಿದು ಬಂದೆವು. ನಾನು, ಇವರು, ಅತ್ತೆ, ಮತ್ತೆ ಒಂಬತ್ತು, ಆರು ವರ್ಷದ ಮಕ್ಕಳಿಬ್ಬರು. ಬದಿಯಡ್ಕ ಕಡೆಯವಳಾದ ನನಗೆ ಕಡಲು ಹೊಸತೇನಲ್ಲ. ಆದರೆ ಸಂಜೆ ಹೋಗಿ ಕಾಲು ಒದ್ದೆ ಮಾಡಿಕೊಂಡು ಬರುವುದು ಬೇರೆ, ರಾತ್ರಿಯಿಡೀ ಅದರ ಮಗ್ಗುಲಲ್ಲಿ ಮಲಗುವುದು ಬೇರೆ. ಮಕ್ಕಳನ್ನು ಕಟ್ಟಿಕೊಂಡು ಹೊರಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮಂಗಳೂರಿನಿಂದ ಬರುವವರು ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಸರಗೋಡಿನವರೆಗೆ ಬನ್ನಿ. ಅಲ್ಲಿಂದ ಮುಂದೆ ಹೆದ್ದಾರಿ ಬಿಟ್ಟು ಚಂದ್ರಗಿರಿ ಸೇತುವೆಯ ರಸ್ತೆ ಹಿಡಿಯಿರಿ, ಕಡಲಿನ ಬದಿಯಲ್ಲೇ ಉದುಮ, ಬೇಕಲಕ್ಕೆ ಕರೆದೊಯ್ಯುತ್ತದೆ. ರೈಲಿನಲ್ಲಾದರೆ ಕೋಟಿಕುಳಂ ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಈ ಕಡೆ ರೈಲುಹಳಿ ರಸ್ತೆಗೂ ಕಡಲಿಗೂ ನಡುವೆ ಓಡುತ್ತದೆ. ಗೇಟು ಬಿದ್ದರೆ ಕಾಯಬೇಕು. ಸೂರ್ಯಾಸ್ತಕ್ಕೆ ಕಣ್ಣಿಟ್ಟು ಕೊನೇ ಗಳಿಗೆಯಲ್ಲಿ ಓಡಿ ಬಂದವರು ಗೇಟಿನ ಈಚೆ ನಿಂತೇ ಅದನ್ನು ನೋಡಬೇಕಾದೀತು.

ಕಡಲತಡಿ ಎಲ್ಲರದು, ಎಲ್ಲಿ ಬೇಕಾದರೂ ಟೆಂಟ್ ಹೂಡಬಹುದು ಅಂದುಕೊಳ್ಳಬೇಡಿ. ನಾವು ಪರಿಚಿತರ ಮೂಲಕ ಕಡಲಿಗೆ ತಾಗಿದ ಒಂದು ತೆಂಗಿನ ತೋಟದ ಮನೆಯವರನ್ನು ವಾರ ಮೊದಲೇ ಕೇಳಿಕೊಂಡಿದ್ದೆವು. ಅವರ ಬಾವಿ, ಕಕ್ಕಸು, ರಾತ್ರಿ ಉರಿಯುವ ಒಂದು ಲೈಟು, ಇವಿಷ್ಟು ಸಿಕ್ಕಿದ್ದರಿಂದ ಅತ್ತೆ ಬರಲು ಒಪ್ಪಿದರು. ಹೆಂಗಸರು, ವಯಸ್ಸಾದವರು ಜೊತೆಗಿದ್ದರೆ ಮೊದಲು ಕಕ್ಕಸಿನ ವ್ಯವಸ್ಥೆ ನೋಡಿ, ಆಮೇಲೆ ಟೆಂಟಿನ ಬಣ್ಣ ನೋಡಿ.

ನಾವು ತಲುಪಿದ್ದು ಸಂಜೆ ಐದಕ್ಕೆ, ಹುಣ್ಣಿಮೆಯ ಮರುದಿನ. ನೀರು ತುಂಬ ಹಿಂದೆ ಸರಿದಿತ್ತು. ಗಟ್ಟಿಯಾದ, ಸಪಾಟಾದ ಹೊಯಿಗೆ (ಮರಳು) ಕಂಡದ್ದೇ ಮಕ್ಕಳು ಟೆಂಟಿನ ಚೀಲ ಅಲ್ಲಿಯೇ ಬಿಚ್ಚಿದರು. ನಾವೂ ಬೇಡ ಎನ್ನಲಿಲ್ಲ. ಕಂಬಿ ಸೇರಿಸುತ್ತಿರುವಾಗ ಬಲೆ ಹೆಗಲಿಗೆ ಹಾಕಿ ನಡೆದು ಹೋಗುತ್ತಿದ್ದ ಅಜ್ಜ ಒಬ್ಬರು ನಿಂತರು. "ಅವಿಡೆ ವೇಂಡ ಮೋಳೇ" (ಅಲ್ಲಿ ಬೇಡ ಮಗಳೇ) ಎಂದು ನನಗೆ ಮಲಯಾಳದಲ್ಲಿ ಹೇಳಿ, ತಿರುಗಿ ನಮ್ಮ ಹಿಂದೆ ಇಪ್ಪತ್ತು ಹೆಜ್ಜೆ ನಡೆದು, ಕಾಲಿನ ಹೆಬ್ಬೆರಳಿನಿಂದ ಹೊಯಿಗೆಯ ಮೇಲೆ ಒಂದು ಗೆರೆ ತೋರಿಸಿದರು. ಒಣಗಿದ ಪಾಚಿ, ಕಡ್ಡಿ, ಚಿಪ್ಪು, ತೆಂಗಿನ ಗೆರಟೆ, ಒಂದು ಹರಿದ ಚಪ್ಪಲಿ, ಎಲ್ಲ ಸಾಲಾಗಿ ಬಿದ್ದಿದ್ದವು. ಹಿಂದಿನ ಉಬ್ಬರ ತಂದು ಬಿಟ್ಟುಹೋದ ಕಸದ ಗೆರೆ ಅದು. ಆ ಗೆರೆಯನ್ನು ದಾಟಿ, ಇನ್ನೂ ಮೇಲೆ, ಬಳ್ಳಿ ಹಬ್ಬಿದ ಹೊಯಿಗೆಯ ದಿಣ್ಣೆಯ ಹತ್ತಿರ ಕೈ ತೋರಿಸಿ ಹೋದರು. ನಾವು ಹಾಗೇ ಮಾಡಿದೆವು. ರಾತ್ರಿ ಹನ್ನೆರಡೂವರೆಗೆ ಎದ್ದು ನೋಡಿದರೆ ನಾವು ಮೊದಲು ಟೆಂಟ್ ಬಿಚ್ಚಿದ್ದ ಜಾಗದಲ್ಲಿ ತೆರೆ ನೊರೆಯಾಡುತ್ತಿತ್ತು. ಮಕ್ಕಳು ಮಲಗಿದ್ದ ಕಡೆ ನೋಡಿ ನನ್ನ ಮೈ ಜುಮ್ಮೆಂದಿತು.

ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ, ಸಂಜೆಗೆ ಇಳಿದಿದ್ದರೆ ನಡುರಾತ್ರಿಗೆ ಏರುತ್ತದೆ. ಹೊರಡುವ ದಿನವನ್ನು ಪಂಚಾಂಗ ನೋಡಿ ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಇನ್ನೊಂದು ಮಾತು ತಿಳಿದಿರಬೇಕು: ಮಲಯಾಳದಲ್ಲಿ 'ಕಳ್ಳಕ್ಕಡಲ್' ಎನ್ನುತ್ತಾರೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದರೂ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಪಯಣಿಸಿ ಬಂದು ಕಳ್ಳನಂತೆ ದಡಕ್ಕೆ ನುಗ್ಗುತ್ತದೆ. ಕಡಲಿನ ಸ್ಥಿತಿಗತಿ ತಿಳಿಸುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಇದ್ದ ದಿನ ಪ್ರಯಾಣವನ್ನೇ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್ ವರೆಗಂತೂ ಈ ಯೋಚನೆಯೇ ಬೇಡ.

ನೆರಳಿದೆ ಎಂದು ತೆಂಗಿನ ಬುಡದಲ್ಲಿಯೂ ಟೆಂಟ್ ಬೇಡ. ಕಾಯಿ ಬೀಳುವುದಕ್ಕೆ, ಮಡಲು (ತೆಂಗಿನ ಗರಿ) ಬೀಳುವುದಕ್ಕೆ ಹೊತ್ತುಗೊತ್ತಿಲ್ಲ.

ಟೆಂಟಿನ ಜೊತೆ ಬರುವ ಕಬ್ಬಿಣದ ಗೂಟ ಹೊಯಿಗೆಯಲ್ಲಿ ನಿಲ್ಲುವುದಿಲ್ಲ. ಎಷ್ಟು ಆಳಕ್ಕೆ ಹೊಡೆದರೂ ಗಾಳಿ ಬಂದರೆ ಬೆಣ್ಣೆಯಿಂದ ಕಡ್ಡಿ ಎಳೆದಂತೆ ಕಿತ್ತು ಬರುತ್ತದೆ. ತೋಟದ ಮನೆಯವರು ಕೊತ್ತಳಿಗೆಯ, ಅಂದರೆ ತೆಂಗಿನ ಗರಿಯ ದಪ್ಪ ಬುಡದ ತುಂಡುಗಳನ್ನು ಕೊಟ್ಟರು. ಒಂದೊಂದರ ನಡುವಿಗೆ ಹಗ್ಗ ಕಟ್ಟಿ, ಮೊಣಕಾಲಾಳದ ಗುಂಡಿಯಲ್ಲಿ ಅಡ್ಡಲಾಗಿ ಮಲಗಿಸಿ, ಹೊಯಿಗೆ ಮುಚ್ಚಿ, ನೀರು ಹೊಯ್ದು ತುಳಿದೆವು. ಮಕ್ಕಳಿಗೆ ಅದೇ ದೊಡ್ಡ ಆಟ. ರಾತ್ರಿಯಿಡೀ ಒಂದೂ ಅಲುಗಲಿಲ್ಲ. ಕೊತ್ತಳಿಗೆ ಸಿಗದಿದ್ದರೆ ಖಾಲಿ ಅಕ್ಕಿ ಚೀಲಗಳನ್ನು ಒಯ್ದು, ಹೊಯಿಗೆ ತುಂಬಿಸಿ ಹೂಳಬಹುದು. ಹಗಲಿಗೆ ಕಡಲ ಕಡೆಯಿಂದ ಬೀಸುವ ಗಾಳಿ ರಾತ್ರಿಗೆ ತಿರುಗಿ ನೆಲದ ಕಡೆಯಿಂದ ಬರುವುದರಿಂದ ನಾಲ್ಕೂ ಬದಿಯ ಹಗ್ಗ ಬಿಗಿಯಾಗಿರಲಿ. ಬೆಳಗಿನ ಜಾವ ಇಬ್ಬನಿ ಜೋರು. ಚಳಿ ಎಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ನಮ್ಮ ಉಸಿರೇ ಹನಿಯಾಗಿ ಒಳಗೆ ತೊಟ್ಟಿಕ್ಕುತ್ತದೆ, ಹೊದಿಕೆ ಒದ್ದೆ.

ಊಟಕ್ಕೆ ಅತ್ತೆ ಮನೆಯಲ್ಲೇ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ) ಬೇಯಿಸಿ ತಂದಿದ್ದರು. ಇದಕ್ಕಿಂತ ಒಳ್ಳೆಯ ಕಡಲತಡಿಯ ಊಟ ನನಗೆ ಗೊತ್ತಿಲ್ಲ: ಮುಂಡಕದ (ಕೇದಗೆ ಜಾತಿಯ ಗಿಡ) ಎಲೆಯೊಳಗೆ ಭದ್ರವಾಗಿರುವುದರಿಂದ ಹೊಯಿಗೆ ತಾಗುವುದಿಲ್ಲ, ಮರುದಿನ ಬೆಳಗ್ಗೆಗೂ ಚೆನ್ನಾಗಿಯೇ ಇತ್ತು. ಚಟ್ನಿಹುಡಿ, ತೆಂಗಿನೆಣ್ಣೆ ಇದ್ದರೆ ಸಾಕು. ಕುಡಿಯುವ ನೀರು 20 ಲೀಟರಿನ ಒಂದು ಕ್ಯಾನ್ ಒಯ್ದಿದ್ದೆವು, ಐವರಿಗೆ ಸರಿಯಾಯಿತು. ಬೆಂಕಿ ಹಾಕಿದರೆ ಕೆಂಡವನ್ನು ಹೊಯಿಗೆಯಲ್ಲಿ ಮುಚ್ಚಿ ಬರಬೇಡಿ. ಅಡಿಯಲ್ಲಿ ಗಂಟೆಗಟ್ಟಲೆ ಬಿಸಿ ಉಳಿದು ಬರಿಗಾಲಿನ ಮಗುವಿನ ಪಾದ ಸುಟ್ಟೀತು. ನೀರು ಹೊಯ್ದೇ ಆರಿಸಿ.

ಈ ಕಡಲು ಈಜುವವರದ್ದಲ್ಲ. ಸೆಳೆತ ಇದೆ. ಮಕ್ಕಳಿಗೆ ಮೊಣಕಾಲು ನೀರು, ಅದೂ ದೊಡ್ಡವರು ಕಡಲ ಬದಿಗೆ ನಿಂತಿರುವಾಗ ಮಾತ್ರ. ಕತ್ತಲಾದ ಮೇಲೆ ನೀರಿಗಿಳಿಯಲೇಬೇಡಿ. ತುರ್ತಿಗೆ 112. ರಾತ್ರಿ ಟಾರ್ಚನ್ನು ಕಡಲ ಕಡೆಗೆ ಬೀಸಬೇಡಿ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಕಾಸರಗೋಡಿನ ದಡಕ್ಕೆ ಬರುತ್ತವೆ, ಬೆಳಕು ಕಂಡರೆ ಬೆದರಿ ಹಿಂದೆ ಹೋಗುತ್ತವೆ. ನಮಗೆ ಕಾಣಸಿಗಲಿಲ್ಲ, ಆದರೂ ಮಗಳು ಪಿಸುಮಾತಿನಲ್ಲೇ ಓಡಾಡಿದಳು.

ಬೆಳಗ್ಗೆ ಬೇಕಲ ಕೋಟೆಗೆ ಹೋದೆವು. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, 40 ಎಕರೆ ವಿಸ್ತಾರ, ಒಳಗೆ ನೆರಳು ಕಡಿಮೆ. ಬಿಸಿಲೇರುವ ಮೊದಲು ಮುಗಿಸಿ, ಹೊರಬಂದು ಬೊಂಡ (ಎಳನೀರು) ಕುಡಿಯಿರಿ.

ಮನೆ ಸೇರಿದ ದಿನವೇ ಟೆಂಟನ್ನು ಸಿಹಿನೀರಿನಲ್ಲಿ ತೊಳೆಯಿರಿ. ನಾವು ದಣಿವೆಂದು ಎರಡು ದಿನ ಚೀಲದಲ್ಲೇ ಬಿಟ್ಟೆವು, ಉಪ್ಪು ಹಿಡಿದು ಜಿಪ್ಪು ಕಚ್ಚಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಹಲ್ಲುಹಲ್ಲಿನ ಸಂದಿಯ ಹೊಯಿಗೆ ಬಿಡಿಸಿ, ಮೇಣದಬತ್ತಿ ಉಜ್ಜಿದ ಮೇಲೆ ಸರಿಯಾಯಿತು.