‘ಹುಡುಗಿಯರ ಟೀಮಿಗೇ ಅಂತ ಬೇರೆ ದುಡ್ಡು ಯಾಕಮ್ಮ?’

ಹೋದ ವಾರ ಜಯನಗರದ ಒಂದು ಮದುವೆ ಊಟದಲ್ಲಿ ಮತ್ತೆ ಕೇಳಿಸಿಕೊಂಡೆ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಕೆಲಸ ಏನು ಅಂತ ವಿಚಾರಿಸಿದರು. ಇಲ್ಲೇ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಮಹಿಳಾ ತಂಡಗಳಿಗೆ ದಾನಿಗಳನ್ನು ಹುಡುಕುತ್ತೇನೆ ಅಂದೆ. "ಕ್ರೀಡಾ ನಿಧಿ ಅಂತ ಇರುತ್ತಲ್ಲಮ್ಮ, ಅದಕ್ಕೇ ಕೊಟ್ಟರೆ ಆಗಲ್ವಾ? ಹುಡುಗಿಯರಿಗೇ ಅಂತ ಬೇರೆ ಯಾಕೆ?"

ಒಂಬತ್ತು ವರ್ಷದಿಂದ ಇದನ್ನು ಕೇಳುತ್ತಾ ಬಂದಿದ್ದೇನೆ. ಮೊದಲ ಎರಡು ವರ್ಷ ನನಗೂ ಇದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತಿತ್ತು. ಆಗ ನಾವು ಎಲ್ಲರಿಗೂ ಸೇರಿದ ನಿಧಿಗೇ ದುಡ್ಡು ಎತ್ತುತ್ತಿದ್ದೆವು. ಒಬ್ಬ ದಾನಿ ಉದಾರವಾಗಿ ಕೊಟ್ಟರು, ಮೈದಾನಕ್ಕೆ ಫ್ಲಡ್‌ಲೈಟ್ ಬಂತು. ರಾತ್ರಿ ಒಂಬತ್ತರವರೆಗೂ ಅಭ್ಯಾಸ ಮಾಡಬಹುದು. ಆದರೆ ಹುಡುಗಿಯರ ಹಾಸ್ಟೆಲ್ ಗೇಟು ಏಳೂವರೆಗೆ ಮುಚ್ಚುತ್ತದೆ. ಲೈಟು ಹತ್ತುವ ಹೊತ್ತಿಗೆ ಅವರು ಚೀಲ ಹೆಗಲಿಗೇರಿಸಿ ಹೊರಟಿರುತ್ತಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ. ಲೈಟು ಹಾಕಿಸುವಾಗ ಗೇಟಿನ ನೆನಪು ಯಾರಿಗೂ ಬರಲಿಲ್ಲ, ನನಗೂ ಸೇರಿ.

ಆಮೇಲೆ ಒಂದು ಸಂಜೆ ಖೋಖೋ ತಂಡದ ಜೊತೆ ಕೂತು, ನಿಮಗೆ ಏನು ಬೇಕು ಹೇಳಿ ಅಂದೆ. ಮ್ಯಾಟ್ ಕೇಳ್ತಾರೆ, ಒಳ್ಳೆ ಶೂ ಕೇಳ್ತಾರೆ ಅಂತ ಪೆನ್ನು ಹಿಡಿದು ಕೂತಿದ್ದೆ. ಚನ್ನರಾಯಪಟ್ಟಣದ ಕಡೆಯ ಕ್ಯಾಪ್ಟನ್ ಹುಡುಗಿ, "ಮೇಡಂ, ಮೊದಲು ಬಟ್ಟೆ ಬದಲಾಯಿಸೋ ರೂಮಿಗೆ ಒಂದು ಚಿಲಕ ಹಾಕಿಸಿ" ಅಂದಳು. ಒಳಗೆ ಚಿಲಕ ಮುರಿದು ಎಷ್ಟೋ ದಿನ ಆಗಿತ್ತಂತೆ. ಒಬ್ಬೊಬ್ಬರು ಸರದಿಯ ಮೇಲೆ ಹೊರಗೆ ನಿಂತು ಬಾಗಿಲು ಎಳೆದು ಹಿಡಿಯುತ್ತಿದ್ದರು. ಮಾರನೇ ದಿನ ನಾನೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಂದೆ. ಇನ್ನೂರು ರೂಪಾಯಿಯೂ ಆಗಲಿಲ್ಲ. ಚಿಲಕದ ನಂತರ ಹೇಳಿದ್ದು: ರಾತ್ರಿ ಹಾಸ್ಟೆಲ್ ತನಕ ವ್ಯಾನು, ದಿನಾ ಎರಡು ಮೊಟ್ಟೆ, ಒಳ್ಳೆಯ ಸ್ಪೋರ್ಟ್ಸ್ ಬ್ರಾ, ಮಹಿಳಾ ಫಿಸಿಯೋ. ಟೂರ್ನಮೆಂಟ್ ದಿನಾಂಕ ಕೊನೇ ಗಳಿಗೆಗೆ ಬಂದಾಗ ವೇಟಿಂಗ್ ಲಿಸ್ಟಿನಲ್ಲೇ ರೈಲು ಹತ್ತಿ, ಟಾಯ್ಲೆಟ್ ಪಕ್ಕ ಕೂತು ಹೋಗುವ ಕಥೆಯನ್ನೂ ಹೇಳಿದರು. ನಗುತ್ತಾ ಹೇಳಿದರು, ಅದೇ ಬೇಜಾರು.

ಇದರಲ್ಲಿ ಯಾವುದಕ್ಕಾದರೂ ದಾನಿಯ ಹೆಸರಿನ ಕಲ್ಲು ಕೂರಿಸೋಕೆ ಆಗುತ್ತಾ? ಮೊಟ್ಟೆಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಎಲ್ಲರದ್ದು ಅಂತ ಇಟ್ಟ ದುಡ್ಡು ಕಣ್ಣಿಗೆ ಕಾಣುವ ಕಡೆಗೇ ಹರಿಯುತ್ತದೆ. ಬೇರೆ ಚೀಲ ಹೊಲಿಸಬೇಕಾಗಿ ಬಂದಿದ್ದು ಅದಕ್ಕೆ.

ಕಂಪನಿಗಳ ಹತ್ತಿರ ಹೋಗಿ ಅಂತ ಸಲಹೆ ಕೊಡುವವರಿದ್ದಾರೆ. ಹೋಗ್ತೀವಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಖರ್ಚು ಮಾಡಬೇಕು. ಯಾವುದಕ್ಕೆ ಕೊಡಬಹುದು ಅನ್ನುವ ಪಟ್ಟಿಯಲ್ಲಿ ಕ್ರೀಡೆಯೂ ಇದೆ. ಆದರೆ ಅಲ್ಲಿರುವ ಮಾತು ಕ್ರೀಡಾ ‘ತರಬೇತಿ’. ಹಾಗಾಗಿ ಮೊಟ್ಟೆ, ವ್ಯಾನು, ಫಿಸಿಯೋ ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳದೆ ವರ್ಷದ ತರಬೇತಿ ಯೋಜನೆಯೊಳಗೆ ಸೇರಿಸಿ ಬರೆಯುತ್ತೇವೆ. ಜರ್ಸಿ ಮೇಲೆ ನಮ್ಮ ಲೋಗೋ ದೊಡ್ಡದಾಗಿ ಹಾಕಿ ಅಂತಲೂ ಕೆಲವರು ಕೇಳುತ್ತಾರೆ. ಸ್ವಂತ ಪ್ರಚಾರಕ್ಕಾಗಿ ಮಾಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ, ಸಾರ್ ಅಂತ ನಾವೇ ನೆನಪಿಸಬೇಕು. ಅಲ್ಲಿಗೆ ಅರ್ಧ ಜನ ಕಾಫಿ ಮುಗಿಸಿ ಏಳುತ್ತಾರೆ.

ತೆರಿಗೆ ಉಳಿಯುತ್ತೆ ಅನ್ನುವ ಮಾತಿಗೂ ಮೊದಲಿನ ಬೆಲೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ದಾನ ಕೊಟ್ಟಿದ್ದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಗೆಲುವಿನಿಂದ ಫೋನ್ ಜಾಸ್ತಿ ಆಗುವುದು ನಿಜ. 2024ರಲ್ಲಿ ಆರ್‌ಸಿಬಿ ಹುಡುಗಿಯರು ಕಪ್ ಎತ್ತಿದ ವಾರ ಒಂದು ತಿಂಗಳಿಗಾಗುವಷ್ಟು ಕರೆ ಬಂದವು, ಎಲ್ಲವೂ ಕ್ರಿಕೆಟ್ಟಿಗೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಗೆದ್ದರು, ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಆ ವಾರ ನನಗೆ ಬಂದಿದ್ದು ಎರಡೇ ಕರೆ. ಅದರಲ್ಲಿ ಒಂದು ರಾಂಗ್ ನಂಬರ್.

ಹಾಗಾದರೆ ಕೊಡುವವರು ಯಾರು? ಹೆಚ್ಚಿನವರು ನಮ್ಮಲ್ಲೇ ಓದಿ, ಆಡಿ ಹೋದ ಹೆಂಗಸರು. ತಿಂಗಳಿಗೆ ಐನೂರು, ಸಾವಿರ. ಮಲ್ಲೇಶ್ವರದಲ್ಲಿ ಒಬ್ಬ ಅಮ್ಮ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರು. ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. 1976ರಲ್ಲಿ ಶಾಂತಾ ರಂಗಸ್ವಾಮಿ ನಾಯಕಿಯಾಗಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ಆ ಮ್ಯಾಚಿಗೆ ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದರಂತೆ. ಸಂಜೆ ಬಸ್ಸು ಸಿಗದೆ ತಡವಾಗಿ ಮನೆಗೆ ಬಂದು ಬೈಸಿಕೊಂಡರಂತೆ. ಅಲ್ಲಿಗೆ ಅವರ ಆಟಕ್ಕೂ ಮನೆಯವರು ತೆರೆ ಎಳೆದರು.

ಈಗ ವ್ಯಾನಿನ ಬಾಡಿಗೆ ಪೂರ್ತಿ ಅವರದ್ದು. ಗೇಟಿಗೂ ಕ್ರೀಡಾಪಟುಗಳಿಗೆ ಅಂತ ಒಂಬತ್ತರವರೆಗೆ ವಿನಾಯಿತಿ ಸಿಕ್ಕಿದೆ. ಹೆಸರು ಎಲ್ಲೂ ಹಾಕಬೇಡಿ ಅಂದಿದ್ದಾರೆ. ಅವರದ್ದು ಒಂದೇ ಷರತ್ತು: ವ್ಯಾನು ಹಾಸ್ಟೆಲ್ ಮುಟ್ಟಿದ ತಕ್ಷಣ ಡ್ರೈವರ್ ಕಳಿಸುವ ‘ರೀಚ್ಡ್’ ಅನ್ನುವ ಮೆಸೇಜನ್ನು ಅವರಿಗೆ ದಾಟಿಸಬೇಕು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಪಂಕ್ತಿಗೆ ಮಜ್ಜಿಗೆ ಬಂದಿತ್ತು. ಆ ಹಿರಿಯರು ಎಲೆ ಮಡಚಿ, "ಆ ಚಿಲಕ ಗಟ್ಟಿಯಾಗಿದೆ ತಾನೇ?" ಅಂದರು. ದುಡ್ಡಿನ ಮಾತು ಇನ್ನೂ ಆಡಿಲ್ಲ. ನಂಬರ್ ತಗೊಂಡಿದ್ದಾರೆ.

ಮೊನ್ನೆ ಜೋರು ಮಳೆ ಬಂದು ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಒಂಬತ್ತಾದರೂ ಡ್ರೈವರ್ ಮೆಸೇಜ್ ಇಲ್ಲ. ಒಂಬತ್ತು ಐದಕ್ಕೆ ಮಲ್ಲೇಶ್ವರದಿಂದ ಫೋನ್ ಬಂತು. "ಮಕ್ಕಳು ಇನ್ನೂ ಸೇರಿಲ್ವೇನೇ?"