ನಲವತ್ತು ದಿನದ ಮಳೆಯ ಸಂತನ ಊರಿನಲ್ಲಿ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸು. ಹೋದರೆ ಜುಲೈ 15ರಂದೇ ಹೋಗಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಅಂದು ಸಂತ ಸ್ವಿಥನ್ನರ ಹಬ್ಬ. ಆ ದಿನ ಮಳೆ ಬಿದ್ದರೆ ಮುಂದಿನ ನಲವತ್ತು ದಿನ ಮಳೆ, ಬಿಸಿಲು ಬಿದ್ದರೆ ನಲವತ್ತು ದಿನ ಬಿಸಿಲು ಎಂಬುದು ಇಂಗ್ಲೆಂಡಿನ ಮನೆಮನೆಯ ನಂಬಿಕೆ.

ಊರಿನ ಪ್ರಧಾನ ಚರ್ಚ್ ಆದ ಕೆಥೆಡ್ರಲ್‌ನ ಉತ್ತರಕ್ಕಿರುವ ಹುಲ್ಲುಹಾಸಿನಲ್ಲಿ ಹಳೆಯ ದೇವಾಲಯದ ಅಡಿಪಾಯದ ಗುರುತನ್ನು ಇಟ್ಟಿಗೆಗಳಿಂದ ಮೂಡಿಸಿದ್ದಾರೆ. ಒಂಬತ್ತನೆಯ ಶತಮಾನದ ಬಿಷಪ್ ಸ್ವಿಥನ್ ತಮ್ಮನ್ನು ಒಳಗೆ ಹೂಳಬೇಡಿ, ಹೊರಗೆ, ದಾರಿಹೋಕರ ಹೆಜ್ಜೆಯೂ ಸೂರಿನ ಹನಿಯೂ ಬೀಳುವ ಕಡೆ ಮಣ್ಣು ಮಾಡಿ ಎಂದು ಕೇಳಿಕೊಂಡಿದ್ದರಂತೆ. ನೂರು ವರ್ಷ ಕಳೆದ ಮೇಲೆ, 971ರ ಜುಲೈ 15ರಂದು, ಅವರ ಅಸ್ಥಿಗಳನ್ನು ಸಂಭ್ರಮದಿಂದ ಒಳಕ್ಕೆ ತಂದರು. ಸಂತರಿಗೆ ಅದು ಒಪ್ಪಿಗೆಯಾಗದೆ ಬಿರುಮಳೆ ಸುರಿಯಿತು ಎನ್ನುತ್ತದೆ ಜನರ ಕಥೆ. ಆ ಕಾಲದ ಬರಹಗಳಲ್ಲಿ ಮಳೆಯ ಮಾತಿಲ್ಲ. ಆದರೂ ಈ ಕಥೆ ನನಗೆ ಬಹಳ ಹಿಡಿಸಿತು. ಮಳೆಯನ್ನು ಬೇಡಿ ಪಡೆದ ಮನುಷ್ಯನಿಗೇ ಜನ ಮಳೆಯ ಉಸ್ತುವಾರಿ ಒಪ್ಪಿಸಿದ್ದಾರೆ.

ನಾನು ಅಲ್ಲಿ ನಿಂತಿದ್ದಾಗ ತೆಳ್ಳಗೆ ತುಂತುರು ಹನಿಯಿತು, ಕೋಟು ಒದ್ದೆಯಾಗುವ ಮೊದಲೇ ನಿಂತಿತು. ಒಳಗೆ ವಿವರ ಹೇಳುತ್ತಿದ್ದ ಹಿರಿಯ ಮಹಿಳೆಯನ್ನು ಇದು ಲೆಕ್ಕಕ್ಕುಂಟೇ ಎಂದು ಕೇಳಿದೆ. "ನಮ್ಮಜ್ಜಿ ಇದ್ದಿದ್ದರೆ ಖಂಡಿತ ಲೆಕ್ಕ ಹಿಡಿಯುತ್ತಿದ್ದರು" ಎಂದರು. "ಇವತ್ತಿನ ಹನಿ ಸೇಬಿಗೆ ದೀಕ್ಷಾಸ್ನಾನ. ಅದಕ್ಕೆ ಮೊದಲು ಸೇಬು ತಿನ್ನಲು ಅವರು ಬಿಡುತ್ತಿರಲಿಲ್ಲ."

ಅಕ್ಷರಶಃ ತೆಗೆದುಕೊಂಡರೆ ನಂಬಿಕೆ ನಿಲ್ಲುವುದಿಲ್ಲ. 1924ರಲ್ಲಿ ಈ ದಿನವಿಡೀ ಬಿಸಿಲಿತ್ತು. ನಂತರದ ನಲವತ್ತು ದಿನಗಳಲ್ಲಿ ಮೂವತ್ತು ದಿನ ಮಳೆ. 1913ರಲ್ಲಿ ಹದಿನೈದು ತಾಸು ಸುರಿದ ಮಳೆಯ ಹಿಂದೆ ಮೂವತ್ತು ಒಣ ದಿನಗಳು ಬಂದವು. ಆದರೆ ಇದರೊಳಗಿನ ಅನುಭವವನ್ನು ತಳ್ಳಿಹಾಕಲಾಗದು. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹ ಜುಲೈ ನಡುವಿಗೆ ಒಂದು ನೆಲೆ ಹಿಡಿದರೆ ಆಗಸ್ಟ್ ಕೊನೆಯವರೆಗೂ ಅಲ್ಲೇ ಉಳಿಯುವುದುಂಟು. ಅದು ಬ್ರಿಟನ್ನಿನ ಉತ್ತರಕ್ಕೆ ಸರಿದಿದ್ದರೆ ಬಿಸಿಲು, ದಕ್ಷಿಣಕ್ಕೆ ಇಳಿದಿದ್ದರೆ ಮೋಡ, ಮಳೆ. ನಮ್ಮ ಕಡೆ ಜುಲೈ 15 ಪುನರ್ವಸು ಮಳೆಯ ಹೊತ್ತು. ಪುಷ್ಯ, ಆಶ್ಲೇಷ ದಾಟಿ ಮಘಾ ಮಳೆಯ ನಡುವಿಗೆ ಈ ನಲವತ್ತು ದಿನ ಮುಗಿಯುತ್ತದೆ. ನಮ್ಮ ರೈತರು ನಕ್ಷತ್ರದ ಹೆಸರಿನಲ್ಲಿ ನೆನಪಿಟ್ಟದ್ದನ್ನು ಇವರು ಸಂತರ ಹೆಸರಿನಲ್ಲಿ ಇಟ್ಟುಕೊಂಡರು. ಜರ್ಮನಿಯಲ್ಲಿ ಇಂಥದೇ ನಂಬಿಕೆ ಜೂನ್ 27ರ ಮೇಲಿದೆ, ಫ್ರಾನ್ಸಿನಲ್ಲಿ ಜೂನ್ 8ರ ಸಂತ ಮೆದಾರ್ ಹಬ್ಬದ ಮೇಲೆ.

ಸ್ವಿಥನ್ನರ ಸಮಾಧಿಮಂದಿರವನ್ನು 1538ರಲ್ಲಿ ದೊರೆ ಎಂಟನೇ ಹೆನ್ರಿಯ ಆಳುಗಳು ಒಡೆದುಹಾಕಿದರು. ಆ ಜಾಗದಲ್ಲಿ 1962ರಲ್ಲಿ ಇಟ್ಟ ಸ್ಮಾರಕವಿದೆ. ಅದರ ದೀಪದ ಕಂಬಗಳನ್ನು ಬಗ್ಗಿ ನೋಡಬೇಕು: ಲೋಹದಲ್ಲಿ ಒಡೆದ ಮೊಟ್ಟೆಯ ಚಿಪ್ಪುಗಳಿವೆ. ಸೇತುವೆಯ ಬಳಿ ಬಡ ಹೆಂಗಸೊಬ್ಬಳ ಬುಟ್ಟಿಯ ಮೊಟ್ಟೆಗಳು ಒಡೆದಾಗ ಬಿಷಪ್ ಅವನ್ನು ಮತ್ತೆ ಇಡಿಯಾಗಿಸಿದರೆಂಬ ಕಥೆಯ ಗುರುತು ಅದು.

ನೀರು ಈ ಕಟ್ಟಡವನ್ನು ಬಿಟ್ಟಿದ್ದೇ ಇಲ್ಲ. ನೆಲಮಾಳಿಗೆಯಲ್ಲಿ ಇಂದಿಗೂ ಮಳೆ ಜೋರಾದರೆ ನೀರು ನಿಲ್ಲುತ್ತದೆ. ಅಲ್ಲಿ ಅಂಗೈ ನೋಡುತ್ತ ನಿಂತ, ಶಿಲ್ಪಿ ಆಂಟನಿ ಗಾರ್ಮ್ಲಿ ಮಾಡಿದ ಲೋಹದ ಮನುಷ್ಯನ ಕಾಲುಗಳು ಆಗ ಮುಳುಗುತ್ತವೆ. ಜೌಗು ನೆಲದ ಮೇಲೆ ಕಟ್ಟಿದ ಗೋಡೆಗಳು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಿರುಕು ಬಿಟ್ಟು ವಾಲತೊಡಗಿದವು. ಅಡಿಪಾಯ ಅಗೆದಷ್ಟೂ ನೀರು ಉಕ್ಕಿತು. ಆಗ ಕರೆಸಿದ್ದು ವಿಲಿಯಂ ವಾಕರ್ ಎಂಬ ಮುಳುಗುಗಾರನನ್ನು. 1906ರಿಂದ 1911ರವರೆಗೆ, ಭಾರದ ಉಡುಪು ತೊಟ್ಟು, ದಿನಕ್ಕೆ ಸುಮಾರು ಆರು ತಾಸು ಅವನು ಗೋಡೆಯ ಕೆಳಗೆ ಕಲಕಿದ ನೀರಿನಲ್ಲಿದ್ದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈ ತಡವಿಯೇ ಜೌಗುಮಣ್ಣು ತೆಗೆದು ಕಾಂಕ್ರೀಟ್ ಚೀಲಗಳನ್ನು ಜೋಡಿಸಿದ. ಈ ಕೆಲಸಕ್ಕೆ 25,000ಕ್ಕೂ ಹೆಚ್ಚು ಚೀಲಗಳು ಹಿಡಿದವು. ಕೃತಜ್ಞತೆಯ ಆರಾಧನೆ ನಡೆದದ್ದು 1912ರ ಜುಲೈ 15ರಂದು, ದೊರೆ ಐದನೇ ಜಾರ್ಜ್ ಎದುರಿನಲ್ಲಿ. ಸಂತರ ದಿನಕ್ಕೆ ಇದಕ್ಕಿಂತ ತಕ್ಕ ಪೂಜೆ ಇನ್ನೊಂದಿರಲಾರದು.

ಹೊರಬಿದ್ದು ದಕ್ಷಿಣಕ್ಕೆ ನಡೆದರೆ ಕಿಂಗ್ಸ್‌ಗೇಟ್. ಹಳೆಯ ಕೋಟೆಬಾಗಿಲಿನ ನೆತ್ತಿಯ ಮೇಲೆ ಸ್ವಿಥನ್ನರದೇ ಪುಟ್ಟ ಚರ್ಚ್ ಇದೆ, ಮೆಟ್ಟಿಲು ಹತ್ತಿ ಹೋಗಬೇಕು. ಅದರ ಪಕ್ಕದ ಕಾಲೇಜ್ ಸ್ಟ್ರೀಟಿನ ಮನೆಯೊಂದರಲ್ಲಿ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತೀರಿಕೊಂಡದ್ದು 1817ರ ಜುಲೈ 18ರಂದು. ಅದಕ್ಕೆ ಮೂರು ದಿನ ಮೊದಲು, ಜುಲೈ 15ರಂದು, ಹಾಸಿಗೆ ಹಿಡಿದಿದ್ದ ಆಕೆ ಒಂದು ತಮಾಷೆಯ ಪದ್ಯ ಹೇಳಿ ಬರೆಸಿದಳು: ತನ್ನ ಹಬ್ಬ ಮರೆತು ಕುದುರೆ ಜೂಜಿಗೆ ಹೊರಟ ಊರವರ ಮೇಲೆ ಸಂತ ಮುನಿದು, ನಿಮಗೆ ಮಳೆಯೇ ಗತಿ ಎಂದು ಗದರುತ್ತಾನೆ. ಸಾವಿನ ಹೊಸ್ತಿಲಲ್ಲಿ ಅಷ್ಟು ಹಗುರಾದ ಮನಸ್ಸು! ಮನೆಯ ಗೋಡೆಯ ಫಲಕದಲ್ಲಿ ಆಕೆ ಇಲ್ಲಿ ಕೊನೆಯ ದಿನಗಳನ್ನು ಕಳೆದು ತೀರಿಕೊಂಡಳೆಂದು ಮಾತ್ರ ಇದೆ. ಆ ಪದ್ಯದ ಎರಡು ಸಾಲನ್ನೂ ಅಲ್ಲಿ ಕೆತ್ತಿಸಬೇಕು.